ಊರು ಕರ್ನಾಟಕ, ವಾಸ ಮುಂಬಯಿ: ಅಂಗವಿಕಲರ ಕಾರ್ಡ್, ರಿಯಾಯಿತಿ, ಪಿಂಚಣಿ ಮಾಡಿಸುವ ದಾರಿ

ಕರ್ನಾಟಕದಿಂದ ಬಂದು ಮುಂಬಯಿ, ಠಾಣೆ, ಪುಣೆಯಲ್ಲಿ ನೆಲೆಸಿದ ಎಷ್ಟೋ ಮನೆಗಳಲ್ಲಿ ಅರ್ಹತೆ ಇದ್ದರೂ ಅಂಗವೈಕಲ್ಯದ ಸೌಲಭ್ಯ ಕೈತಪ್ಪುತ್ತದೆ. ಕಾರಣ, ಹೆಜ್ಜೆ ಹಿಂದುಮುಂದಾಗುವುದು. ಪಿಂಚಣಿ ಕೇಳಲು ತಹಸೀಲ್ದಾರ ಕಚೇರಿಗೆ ಹೋದರೆ ಕಾರ್ಡ್ ತನ್ನಿ ಎನ್ನುತ್ತಾರೆ. ಕಾರ್ಡಿಗೆಂದು ಆಸ್ಪತ್ರೆಗೆ ಹೋದರೆ ಆಧಾರ್ ವಿಳಾಸ ಬೇರೆ ಇದೆಯಲ್ಲ ಎನ್ನುತ್ತಾರೆ. ಇಷ್ಟೆಲ್ಲ ಸರಿಪಡಿಸಿಕೊಂಡು ಹೋದ ಮೇಲೆ, ಮಹಾರಾಷ್ಟ್ರದಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂಬ ಪ್ರಶ್ನೆ ಬರುತ್ತದೆ. ಈ ಅಲೆದಾಟ ತಪ್ಪಬೇಕಾದರೆ ಒಂದು ಸಂಗತಿ ಮೊದಲೇ ಗೊತ್ತಿರಬೇಕು: ಕೇಂದ್ರ ಸರ್ಕಾರದ ಸೌಲಭ್ಯ ನೀವು ಹೋದಲ್ಲಿಗೆ ಬರುತ್ತದೆ, ರಾಜ್ಯದ್ದು ಬರುವುದಿಲ್ಲ. ಯಾವ ಕಾಗದ ಎಲ್ಲಿ ಮಾಡಿಸಬೇಕೆಂಬುದು ಇದರ ಮೇಲೇ ನಿಂತಿದೆ.

ಊರಲ್ಲಿ ಮಾಡಿಸಿದ ಪ್ರಮಾಣಪತ್ರ ಇದ್ದರೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಒಂದು ರಾಜ್ಯದ ವೈದ್ಯಾಧಿಕಾರಿ ಕೊಟ್ಟ ಪ್ರಮಾಣಪತ್ರ ದೇಶದಾದ್ಯಂತ ನಡೆಯುತ್ತದೆ. ಕಲಬುರಗಿಯಲ್ಲೋ ಉಡುಪಿಯಲ್ಲೋ ಮಾಡಿಸಿದ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ದೇಶಕ್ಕೆಲ್ಲ ಒಂದೇ ಆದ ಗುರುತಿನ ಚೀಟಿ, ಮುಂಬಯಿಯಲ್ಲೂ ಅದೇ ಕಾರ್ಡು. ಅದರ ಮೇಲಿನ 18 ಅಕ್ಷರ-ಅಂಕಿಗಳ ಸಂಖ್ಯೆ ಒಬ್ಬರಿಗೆ ಒಂದೇ. ಇಲ್ಲಿಗೆ ಬಂದೆವೆಂದು ಹೊಸದಾಗಿ ಅರ್ಜಿ ಹಾಕಿದರೆ ಆಧಾರ್ ಸಂಖ್ಯೆಯಿಂದಲೇ ಎರಡನೆಯದು ಪತ್ತೆಯಾಗಿ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ಕಾರ್ಡಿನ ಖಾತೆಯಲ್ಲೇ ವಿಳಾಸ ಬದಲಿಸಿಕೊಂಡರೆ ಸಾಕು.

ಕೈಬರಹದ ಹಳೆಯ ಪ್ರಮಾಣಪತ್ರವಿದ್ದು ಯುಡಿಐಡಿ ಇಲ್ಲದವರು ಮಾತ್ರ ತಡಮಾಡಬಾರದು. 2023ರ ಏಪ್ರಿಲ್‌ನಿಂದ ಕೇಂದ್ರದ ಯೋಜನೆಗಳಿಗೆ ಯುಡಿಐಡಿ ಸಂಖ್ಯೆ ಕೇಳುತ್ತಿದ್ದಾರೆ. ಹಳೆಯ ಪತ್ರದ ದಾಖಲೆ ಅದನ್ನು ಕೊಟ್ಟ ಆಸ್ಪತ್ರೆಯಲ್ಲಿರುತ್ತದೆ, ಹಾಗಾಗಿ ಯುಗಾದಿಗೋ ಜಾತ್ರೆಗೋ ಊರಿಗೆ ಹೋದಾಗ ಅಲ್ಲೇ ಮಾಡಿಸಿಕೊಳ್ಳುವುದು ಸುಲಭ. ಕರ್ನಾಟಕದ ಗ್ರಾಮ ಪಂಚಾಯ್ತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಜನ ಅವರನ್ನು ವಿ.ಆರ್.ಡಬ್ಲ್ಯು. ಎಂದೇ ಕರೆಯುವುದು. ಅರ್ಜಿ ತುಂಬಿಸುವುದು ಅವರ ಕೆಲಸದ ಭಾಗ.

ಊರಿನಲ್ಲಿ ಅಂಗವಿಕಲ ಪಿಂಚಣಿ ಬರುತ್ತಿದ್ದರೆ ಆಧಾರ್ ವಿಳಾಸ ಬದಲಿಸುವ ಮುನ್ನ ಯೋಚಿಸಿ. ಎರಡು ರಾಜ್ಯಗಳಲ್ಲಿ ಪಿಂಚಣಿ ತೆಗೆದುಕೊಳ್ಳುವಂತಿಲ್ಲ. ಮಹಾರಾಷ್ಟ್ರದ ಪಿಂಚಣಿಗೆ 15 ವರ್ಷದ ವಾಸ ಬೇಕು. ಮೂರು ವರ್ಷದ ಹಿಂದೆ ಬಂದವರು ವಿಳಾಸ ಬದಲಿಸಿದರೆ ಅಲ್ಲಿಯದು ನಿಲ್ಲಬಹುದು, ಇಲ್ಲಿಯದು ಸಿಗದು.

ಇಲ್ಲೇ ಮಾಡಿಸುವವರು: ಮೊದಲು ಜಿಲ್ಲೆ ಯಾವುದು ನೋಡಿ

ಸಾಮಾನ್ಯವಾಗಿ ಅರ್ಜಿ ಹಾಕಬೇಕಾದ್ದು ನೀವು ವಾಸವಿರುವ ಜಿಲ್ಲೆಯ ಆಸ್ಪತ್ರೆಗೆ. ನಮ್ಮವರು ಎಡವುವುದು ಇಲ್ಲೇ, ಏಕೆಂದರೆ ಬಾಯಿಮಾತಿನ ಮುಂಬಯಿ ಐದು ಜಿಲ್ಲೆಗಳಲ್ಲಿ ಹರಡಿದೆ. ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗೆ ಮುಂಬಯಿ ನಗರ ಜಿಲ್ಲೆ. ಬಾಂದ್ರಾದಿಂದ ದಹಿಸರ್, ಕುರ್ಲಾದಿಂದ ಮುಲುಂಡ್‌ವರೆಗೆ ಉಪನಗರ ಜಿಲ್ಲೆ. ಡೊಂಬಿವಲಿ, ಕಲ್ಯಾಣ್, ಮೀರಾ ರೋಡ್, ಭಾಯಂದರ್, ವಾಶಿ, ನೆರೂಲ್ ಎಲ್ಲ ಠಾಣೆ ಜಿಲ್ಲೆ. ವಸಯಿ, ನಾಲಾಸೋಪಾರ, ವಿರಾರ್ ಪಾಲ್ಘರ್‌ಗೆ ಸೇರಿವೆ. ಖಾರ್‌ಘರ್, ಪನ್ವೇಲ್ ರಾಯಗಡ. ನೆರೂಲ್‌ನಲ್ಲಿರುವವರು ಸಾಯನ್ ಆಸ್ಪತ್ರೆ ಹತ್ತಿರವೆಂದು ಹೋದರೆ, ಚಿಕಿತ್ಸೆ ಸಿಗಬಹುದು, ಪ್ರಮಾಣಪತ್ರಕ್ಕೆ ಠಾಣೆ ತೋರಿಸಬಹುದು.

ಆಧಾರ್ ವಿಳಾಸ ಇಲ್ಲಿಯದಾಗಿರಬೇಕು. 2024ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದುಪಡಿಯಾದ ಮೇಲೆ ಅರ್ಜಿಗೆ ಆಧಾರ್ ಕಡ್ಡಾಯ. ಬಾಡಿಗೆ ಮನೆಯವರಿಗೆ ನೋಂದಾಯಿತ ಲೀವ್ ಆಂಡ್ ಲೈಸೆನ್ಸ್ ಕರಾರು ನಡೆಯುತ್ತದೆ. ಹೋಟೆಲಿನಲ್ಲೇ ಉಳಿದು ಕೆಲಸ ಮಾಡುವ ಹುಡುಗರಿಗೆ ಕರಾರು ಎಲ್ಲಿಂದ ಬರಬೇಕು? ಅವರಿಗೆ ಆಧಾರ್ ಪ್ರಾಧಿಕಾರದ್ದೇ ಒಂದು ನಮೂನೆಯ ಪ್ರಮಾಣಪತ್ರವಿದೆ. ಗೆಜೆಟೆಡ್ ಅಧಿಕಾರಿ, ಶಾಸಕ ಅಥವಾ ಸಂಸದರ ಸಹಿ, ಮೊಹರು, ಫೋಟೋ ಮೇಲೆ ಅಡ್ಡ ಸಹಿ ಬೇಕು. ಸಹಿಯಾದ ಮೂರು ತಿಂಗಳೊಳಗೆ ಬಳಸಬೇಕು. ಮನೆಯ ಒಬ್ಬರ ಆಧಾರ್‌ನಲ್ಲಿ ಇಲ್ಲಿಯ ವಿಳಾಸವಿದ್ದರೆ, ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ ಉಳಿದವರದ್ದೂ ಬದಲಾಗುತ್ತದೆ. ಬೆರಳಿಲ್ಲದವರಿಗೆ, ಕಣ್ಣಿನ ಗುರುತು ಸಿಗದವರಿಗೆ ಆಧಾರ್ ನಿಯಮದಲ್ಲೇ ವಿನಾಯಿತಿ ಇದೆ. ಆಪರೇಟರ್ ಆಗುವುದಿಲ್ಲ ಎಂದರೆ ಒಪ್ಪಿ ಹಿಂದಿರುಗಬೇಡಿ.

ಹೆಸರಿನ ಗೊಂದಲವನ್ನೂ ಇದೇ ಹಂತದಲ್ಲಿ ಬಗೆಹರಿಸಿಕೊಳ್ಳಿ. ಊರಿನ ಶಾಲಾ ದಾಖಲೆಯಲ್ಲಿ ‘ಬಸವರಾಜ ಎಸ್.’ ಎಂದಿರುತ್ತದೆ. ಮಹಾರಾಷ್ಟ್ರದ ಕಚೇರಿಗಳು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಕೇಳುತ್ತವೆ. ಆಸ್ಪತ್ರೆಯ ಕೇಸ್ ಪೇಪರ್‌ನಲ್ಲಿ (ರೋಗಿಯ ನೋಂದಣಿ ಚೀಟಿಯಲ್ಲಿ) ಒಂದು, ಆಧಾರ್‌ನಲ್ಲಿ ಇನ್ನೊಂದು ಆದರೆ ಮುಂದಿನ ಪ್ರತಿ ಕಿಟಕಿಯಲ್ಲೂ ತಕರಾರು. ಆಧಾರ್‌ನಲ್ಲಿರುವಂತೆಯೇ ಎಲ್ಲ ಕಡೆ ಬರೆಸಿ, ಕೇಸ್ ಪೇಪರ್ ಮಾಡುವವರು ತಮಗೆ ತಿಳಿದಂತೆ ಬರೆದುಕೊಂಡರೆ ಅಲ್ಲೇ ತಿದ್ದಿಸಿ.

ಅರ್ಜಿ ಮತ್ತು ತಪಾಸಣೆ

ಸ್ವಾವಲಂಬನ್ ಕಾರ್ಡ್ ಎಂಬ ಕೇಂದ್ರದ ಜಾಲತಾಣದಲ್ಲಿ ಅರ್ಜಿ. ಶುಲ್ಕವಿಲ್ಲ. ಆಧಾರ್, ಫೋಟೋ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ದಾಖಲೆ ಏರಿಸಬೇಕು. ಫೋನಿನಲ್ಲಿ ತೆಗೆದ ಚಿತ್ರ ಮೂರು-ನಾಲ್ಕು ಎಂಬಿ ಇರುತ್ತದೆ, ಜಾಲತಾಣ ಕೇಳುವುದು ಕೆಬಿ ಲೆಕ್ಕದಲ್ಲಿ. ಕುಗ್ಗಿಸದೆ ಏರಿಸಿದರೆ ಪುಟ ಸುಮ್ಮನೆ ಸುತ್ತುತ್ತಿರುತ್ತದೆ. ಅಂಗವೈಕಲ್ಯದ ಬಗೆ ಆರಿಸುವಾಗ ಕಾಯ್ದೆಯ 21 ಬಗೆಗಳಲ್ಲಿ ವೈದ್ಯರ ಕಾಗದದಲ್ಲಿ ಏನಿದೆಯೋ ಅದನ್ನೇ ಆರಿಸಿ. ತಪ್ಪು ಆರಿಸಿದರೆ ಅರ್ಜಿ ತಪ್ಪು ವಿಭಾಗಕ್ಕೆ ಹೋಗುತ್ತದೆ.

ಏಜೆಂಟರ ಕೈಯಲ್ಲಿ ಅರ್ಜಿ ಹಾಕಿಸಿದರೂ ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ. ಬಹುಪಾಲು ಅಂಗಡಿಗಳವರು ವೇಗಕ್ಕೆಂದು ತಮ್ಮ ನಂಬರ್ ಹಾಕಿಬಿಡುತ್ತಾರೆ. ಆಮೇಲೆ ಒಟಿಪಿ ಅವರಿಗೆ ಹೋಗುತ್ತದೆ, ಕಾರ್ಡ್ ಇಳಿಸಿಕೊಳ್ಳಲು, ವಿಳಾಸ ತಿದ್ದಲು ಪ್ರತಿ ಸಲ ಅವರ ಮುಂದೆ ನಿಲ್ಲಬೇಕು. ಅರ್ಜಿಯ ಕೊನೆಗೆ ಬರುವ ನೋಂದಣಿ ಸಂಖ್ಯೆಯ ಪ್ರತಿ ತೆಗೆದಿಟ್ಟುಕೊಳ್ಳಿ.

ತಪಾಸಣೆಗೆ ಅಸಲಿ ಕಾಗದ, ಎರಡು ಸೆಟ್ ಜೆರಾಕ್ಸ್, ಫೋಟೋ, ಹಿಂದಿನ ಡಿಸ್ಚಾರ್ಜ್ ಪತ್ರ, ಎಕ್ಸ್‌ರೇ, ಶ್ರವಣ ಪರೀಕ್ಷೆಯ ವರದಿ ಎಲ್ಲ ಒಯ್ಯಿರಿ. ಸರ್ಕಾರಿ ಮತ್ತು ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಪ್ರಮಾಣಪತ್ರದ ತಪಾಸಣೆ ದಿನವೂ ಇರುವುದಿಲ್ಲ. ಮೂಳೆಗೆ ಒಂದು ದಿನ, ಕಣ್ಣಿಗೆ ಇನ್ನೊಂದು. ವಾರದ ಯಾವ ದಿನ ಎಂದು ಮೊದಲೇ ಕೇಳಿಕೊಂಡು ಬೆಳಗ್ಗೆ ಬೇಗ ಕೇಸ್ ಪೇಪರ್ ಮಾಡಿಸಿ. ಮುಂಬಯಿಯಲ್ಲಿ ಜೆ.ಜೆ., ಕೆ.ಇ.ಎಂ., ಸಾಯನ್, ನಾಯರ್, ಪುಣೆಯಲ್ಲಿ ಸಸೂನ್ ಮತ್ತು ಔಂಧ್‌ನ ಜಿಲ್ಲಾ ಆಸ್ಪತ್ರೆ ಹೆಚ್ಚಿನವರು ಹೋಗುವ ತಾಣಗಳು.

ಶೇಕಡಾವಾರು ವಿಷಯದಲ್ಲಿ ನಿರೀಕ್ಷೆ ತಪ್ಪಿದಷ್ಟು ಬೇರೆಲ್ಲೂ ತಪ್ಪುವುದಿಲ್ಲ. ಸೌಲಭ್ಯಗಳ ಗಡಿ 40. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಕೇಂದ್ರದ ಮಾರ್ಗಸೂಚಿಯಲ್ಲಿ ಶೇ. 30 ಮಾತ್ರ. ವೈದ್ಯರ ಜೊತೆ ವಾದಿಸಿ ಫಲವಿಲ್ಲ. ಕಿವಿಯಲ್ಲಿ ಎರಡೂ ಕಿವಿಯ ಲೆಕ್ಕ ನೋಡುತ್ತಾರೆ, ಎರಡರಲ್ಲೂ 70 ಡೆಸಿಬಲ್ ನಷ್ಟವಿದ್ದರೆ ಕಾಯ್ದೆಯ ಪ್ರಕಾರ ಕಿವುಡು. ಲಕ್ವ ಹೊಡೆದವರನ್ನು ಸಾಮಾನ್ಯವಾಗಿ ಆರು ತಿಂಗಳು ಕಳೆಯದೆ ಅಳೆಯುವುದಿಲ್ಲ, ಸುಧಾರಣೆ ಎಲ್ಲಿ ನಿಲ್ಲುತ್ತದೆಂದು ಅಷ್ಟರೊಳಗೆ ತಿಳಿಯದು. ಅವಸರದಲ್ಲಿ ಹೋದವರು ಬರಿಗೈಯಲ್ಲಿ ಬರುತ್ತಾರೆ, ಇಲ್ಲವೇ ತಾತ್ಕಾಲಿಕ ಪತ್ರ ಹಿಡಿದು ಬರುತ್ತಾರೆ. ತಾತ್ಕಾಲಿಕ ಪತ್ರದ ಮೇಲೆ ಅವಧಿ ಬರೆದಿರುತ್ತದೆ, ಅದು ಮುಗಿಯುವ ಮೊದಲೇ ಮರುತಪಾಸಣೆಗೆ ಹೆಸರು ಹಚ್ಚಿ.

ಈಗ ಕಾರ್ಡಿಗೆ ಬಣ್ಣಗಳಿವೆ: 40ಕ್ಕಿಂತ ಕಡಿಮೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಪ್ರಮಾಣಪತ್ರ ಕೊಡಲು ನಿಯಮದ ಗಡುವು ಮೂರು ತಿಂಗಳು. ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಚಾಳಿನಲ್ಲಿ ಖೋಲಿ ನಂಬರ್ ಬರೆಯದೆ ಬರೀ ಚಾಳಿನ ಹೆಸರು ಕೊಟ್ಟವರ ಕಾರ್ಡ್ ವಾಪಸ್ ಹೋಗುತ್ತದೆ. ಅಂಚೆಗೆ ಕಾಯದೆ ಜಾಲತಾಣದಿಂದ ಇ-ಕಾರ್ಡ್ ಇಳಿಸಿಕೊಂಡು ಕೆಲಸ ನಡೆಸಬಹುದು.

ರೈಲು

ದಾದರ್–ಹುಬ್ಬಳ್ಳಿ, ಉದ್ಯಾನ್, ಮತ್ಸ್ಯಗಂಧದಲ್ಲಿ ಓಡಾಡುವವರಿಗೆ ದೊಡ್ಡ ಉಳಿತಾಯ ಇದು. ಆದರೆ ಯುಡಿಐಡಿ ಇದೆಯೆಂದ ಮಾತ್ರಕ್ಕೆ ಟಿಕೆಟ್ ರಿಯಾಯಿತಿ ಸಿಗದು. ರೈಲ್ವೆ ನಾಲ್ಕು ಬಗೆಯವರಿಗಷ್ಟೇ ಕೊಡುತ್ತದೆ: ಜೊತೆಗಾರರಿಲ್ಲದೆ ಪ್ರಯಾಣಿಸಲಾರದ ದೈಹಿಕ ಅಂಗವಿಕಲರು, ಬೌದ್ಧಿಕ ವೈಕಲ್ಯವಿರುವವರು, ಪೂರ್ಣ ಅಂಧರು, ಕಿವಿ ಮತ್ತು ಮಾತು ಎರಡೂ ಪೂರ್ತಿ ಇಲ್ಲದವರು. ಮೊದಲ ಮೂರು ಬಗೆಯವರಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಶೇ. 75, ಸೆಕೆಂಡ್ ಎಸಿ ಮತ್ತು ಫಸ್ಟ್ ಎಸಿಯಲ್ಲಿ ಶೇ. 50 ಕಡಿತ. ನಾಲ್ಕನೆಯವರಿಗೆ ಸ್ಲೀಪರ್‌ನಲ್ಲಿ ಶೇ. 50. ಜೊತೆಗೆ ಬರುವ ಒಬ್ಬರಿಗೂ ಅಷ್ಟೇ ಕಡಿತವಿದೆ.

ಇದಕ್ಕೆ ರೈಲ್ವೆಯದೇ ನಮೂನೆಯ ರಿಯಾಯಿತಿ ಪತ್ರವನ್ನು ಸರ್ಕಾರಿ ವೈದ್ಯರಿಂದ ತುಂಬಿಸಿ, ಸಹಿ ಮೊಹರು ಹಾಕಿಸಬೇಕು. ಅಂಗವೈಕಲ್ಯದ ತಪಾಸಣೆಗೆ ಹೋದ ದಿನವೇ ಆ ನಮೂನೆಯ ಪ್ರಿಂಟ್ ಕೈಯಲ್ಲಿದ್ದರೆ ಇನ್ನೊಂದು ಸುತ್ತು ಉಳಿಯುತ್ತದೆ. ನಂತರ ರೈಲ್ವೆಯ ದಿವ್ಯಾಂಗಜನ ಗುರುತಿನ ಚೀಟಿಯ ಜಾಲತಾಣದಲ್ಲಿ ಆ ಪತ್ರ, ಅಂಗವೈಕಲ್ಯ ಪ್ರಮಾಣಪತ್ರ, ಆಧಾರ್, ಹುಟ್ಟಿದ ದಿನಾಂಕದ ದಾಖಲೆ ಏರಿಸಿ ಅರ್ಜಿ ಹಾಕಿ. ವೈದ್ಯರ ಮೊಹರಿನಲ್ಲಿ ಹೆಸರು, ನೋಂದಣಿ ಸಂಖ್ಯೆ ಮಸುಕಾಗಿದ್ದರೆ ತಿರಸ್ಕಾರ ಖಾತ್ರಿ, ಆಸ್ಪತ್ರೆಯಿಂದ ಹೊರಡುವ ಮುನ್ನವೇ ಬೆಳಕಿಗೆ ಹಿಡಿದು ನೋಡಿ. ಒಪ್ಪಿಗೆಯಾದರೆ ಬರುವ ಸಂಖ್ಯೆಯನ್ನು ಆನ್‌ಲೈನ್ ಟಿಕೆಟ್ ಕಾಯ್ದಿರಿಸುವಾಗ ಹಾಕಬೇಕು. ಪ್ರಯಾಣದಲ್ಲಿ ಅಸಲಿ ಕಾರ್ಡ್ ಇರಬೇಕು, ಫೋನಿನಲ್ಲಿನ ಫೋಟೋ ನಂಬಿ ಹೊರಡಬೇಡಿ.

ಮಹಾರಾಷ್ಟ್ರದ ಎಸ್‌ಟಿ (ರಾಜ್ಯ ಸಾರಿಗೆ) ಬಸ್ಸಿನಲ್ಲಿ ಶೇ. 40 ಮೇಲ್ಪಟ್ಟವರಿಗೆ 75ರಷ್ಟು ಕಡಿತವಿದೆ, ಅಂಗವೈಕಲ್ಯ ಶೇ. 65 ಅಥವಾ ಹೆಚ್ಚಿದ್ದರೆ ಜೊತೆಗಾರರಿಗೂ ಅರ್ಧ ದರ. ಕರ್ನಾಟಕದ ಬಸ್ ಪಾಸ್ ಇಲ್ಲಿ ನಡೆಯದು. ಮುಂಬಯಿಯ ನಗರ ಬಸ್ ಬೆಸ್ಟ್ ಮತ್ತು ಪುಣೆಯ ನಗರ ಬಸ್ ಪಿಎಂಪಿ ಪಾಸಿನ ನಿಯಮ ಹತ್ತಿರದ ಡಿಪೋದಲ್ಲಿ ಕೇಳಿ.

ಹಣ

ಮಹಾರಾಷ್ಟ್ರದ ಸಂಜಯ್ ಗಾಂಧಿ ನಿರಾಧಾರ ಅನುದಾನ ಯೋಜನೆಯಲ್ಲಿ ಅಂಗವಿಕಲರ ಮಾಸಾಶನ 2025ರಲ್ಲಿ 1500ರಿಂದ 2500 ರೂಪಾಯಿಗೆ ಏರಿತು. ತಹಸೀಲ್ದಾರ ಕಚೇರಿ ಅಥವಾ ಸೇತು ಎಂಬ ನಾಗರಿಕ ಸೇವಾ ಕೇಂದ್ರದಲ್ಲಿ ಅರ್ಜಿ. ಅಂಗವಿಕಲರಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 50,000 ರೂಪಾಯಿ, ಮುಂಬಯಿಯ ಬದುಕಿಗೆ ಇದು ತಮಾಷೆಯ ಅಂಕಿ, ಆದರೂ ನಿಯಮ ಅದೇ. 15 ವರ್ಷದ ವಾಸ ತೋರಿಸಲು ಹಳೆಯ ರೇಷನ್ ಕಾರ್ಡ್, ಮತದಾರರ ಪಟ್ಟಿಯ ಪುಟ, ಮಕ್ಕಳ ಶಾಲೆಯ ದಾಖಲೆ, ಲೈಟ್ ಬಿಲ್ ಕೂಡಿಸಿಡಿ. ಮುಂಬಯಿಯ ಕನ್ನಡ ಶಾಲೆಯಲ್ಲಿ ಓದಿದವರ ಶಾಲೆ ಬಿಟ್ಟ ಪ್ರಮಾಣಪತ್ರವೂ ಇದಕ್ಕೆ ಒಳ್ಳೆಯ ಸಾಕ್ಷಿ.

ಸಂಬಳದವರು ಮರೆಯುವುದು ಪ್ರೊಫೆಷನಲ್ ಟ್ಯಾಕ್ಸ್. ಮಹಾರಾಷ್ಟ್ರದಲ್ಲಿ ಶಾಶ್ವತ ಅಂಗವೈಕಲ್ಯವಿರುವ ನೌಕರರಿಗೂ, ಅಂಗವಿಕಲ ಮಗುವಿನ ತಂದೆತಾಯಿಗೂ ಇದರಿಂದ ವಿನಾಯಿತಿ ಇದೆ. ವರ್ಷಕ್ಕೆ 2500 ರೂಪಾಯಿವರೆಗೆ ಕಡಿತವಾಗುವುದು ನಿಲ್ಲುತ್ತದೆ. ಪ್ರಮಾಣಪತ್ರದ ಪ್ರತಿ ಕಂಪನಿಗೆ ಕೊಟ್ಟರೆ ಆಯಿತು, ಕೇಳದಿದ್ದರೆ ಅವರಾಗಿ ಕೊಡುವುದಿಲ್ಲ. ಆದಾಯ ತೆರಿಗೆಯಲ್ಲಿ ಶೇ. 40ರಿಂದ 75,000, ಶೇ. 80ರಿಂದ 1,25,000 ರೂಪಾಯಿ ಕಳೆಯಬಹುದು, ಹಳೆಯ ತೆರಿಗೆ ಪದ್ಧತಿ ಆರಿಸಿದವರಿಗೆ ಮಾತ್ರ.

ಹೋಟೆಲಿನ ಗ್ರೈಂಡರ್‌ಗೆ ಕೈ ಸಿಕ್ಕಿದ್ದು, ಕಟ್ಟಡದಿಂದ ಬಿದ್ದದ್ದು, ಇಂಥ ಕೆಲಸದ ಪೆಟ್ಟಿಗೆ ದಾರಿ ಬೇರೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಅವರದೇ ವೈದ್ಯಕೀಯ ಮಂಡಳಿ ಶಾಶ್ವತ ಅಂಗಹಾನಿಯನ್ನು ಅಳೆದು ತಿಂಗಳ ಭತ್ಯೆ ನಿಗದಿ ಮಾಡುತ್ತದೆ. ಯುಡಿಐಡಿ ಅದಕ್ಕೆ ಬದಲಿಯಲ್ಲ, ಎರಡೂ ಮಾಡಿಸಬೇಕು. ಇಎಸ್‌ಐ ಇಲ್ಲದಿದ್ದರೆ ನೌಕರರ ಪರಿಹಾರ ಕಾನೂನಿನಡಿ ಅಪಘಾತವಾದ ಎರಡು ವರ್ಷದೊಳಗೆ ಕ್ಲೇಮ್ ಹಾಕಬೇಕು. ಮಾಲೀಕರು ಆಸ್ಪತ್ರೆ ಖರ್ಚು ಕೊಟ್ಟು ಊರಿಗೆ ಕಳಿಸಿದರೆ ವಿಷಯ ಮುಗಿಯಿತೆಂದು ಕೂರಬೇಡಿ, ಕ್ಲೇಮಿನ ಗಡುವು ಊರಿನಲ್ಲಿ ಮಲಗಿರುವಾಗಲೇ ಕಳೆದುಹೋಗುತ್ತದೆ. ಅಪಘಾತದ ದಿನದ ಕೇಸ್ ಪೇಪರ್‌ನಲ್ಲಿ ‘ಕೆಲಸದ ಜಾಗದಲ್ಲಿ’ ಎಂದು ಬರೆಸಿಕೊಳ್ಳುವುದು ಮುಖ್ಯ.

ಸಾಧನ, ಚಿಕಿತ್ಸೆ, ತರಬೇತಿ

ಕೃತಕ ಕಾಲು, ಕ್ಯಾಲಿಪರ್, ವೀಲ್‌ಚೇರ್, ನಡಿಗೆ ತರಬೇತಿಗೆ ಮುಂಬಯಿಯ ಹಾಜಿ ಅಲಿ ಬಳಿಯ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ. ಕೇಂದ್ರ ಆರೋಗ್ಯ ಇಲಾಖೆಯದು, ಮಹಾಲಕ್ಷ್ಮಿ ಸ್ಟೇಷನ್ನಿನಿಂದ ಹತ್ತಿರ. ಕಿವಿ-ಮಾತಿಗೆ ಬಾಂದ್ರಾ ರೆಕ್ಲಮೇಶನ್‌ನಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ. ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ತಿಂಗಳ ಆದಾಯ 22,500ರವರೆಗಿನವರಿಗೆ ಸಾಧನ ಉಚಿತ, 30,000ದವರೆಗೆ ಅರ್ಧ ಬೆಲೆ. ಸರ್ಕಾರದಿಂದ ಒಮ್ಮೆ ಪಡೆದ ಮೇಲೆ ಮೂರು ವರ್ಷ ಮತ್ತೆ ಸಿಗದು. ಬೆಳೆಯುವ ಮಕ್ಕಳ ಅಳತೆ ಬದಲಾಗುವುದರಿಂದ 12 ವರ್ಷದೊಳಗಿನವರಿಗೆ ಅಂತರ ಒಂದೇ ವರ್ಷ. ಹುಟ್ಟುಕಿವುಡಿನ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಬೇಕಿದ್ದರೆ ಬಾಂದ್ರಾ ಸಂಸ್ಥೆಯೇ ಆ ಯೋಜನೆಯ ನೋಡಲ್ ಕೇಂದ್ರ. ವಯಸ್ಸಿನ ಮಿತಿ ಬಿಗಿ, ಐದು ತುಂಬುವ ಮುನ್ನ ಎಲ್ಲ ಮುಗಿಯಬೇಕೆಂದು ಲೆಕ್ಕ ಹಾಕಿ ಎರಡನೇ ವರ್ಷದಲ್ಲೇ ಶುರು ಮಾಡಿ.

ದೃಷ್ಟಿಯಿಲ್ಲದವರಿಗೆ ವರ್ಲಿ ಸೀಫೇಸ್‌ನ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್, ಓದುವ ವಿದ್ಯಾರ್ಥಿಗಳಿಗೆ ಸೇಂಟ್ ಝೇವಿಯರ್ಸ್ ಕಾಲೇಜಿನ ಸಂಪನ್ಮೂಲ ಕೇಂದ್ರ. ಬೌದ್ಧಿಕ ವೈಕಲ್ಯಕ್ಕೆ ಶಿವಡಿಯ ಜೈ ವಕೀಲ್, ಸೆರೆಬ್ರಲ್ ಪಾಲ್ಸಿಗೆ ಬಾಂದ್ರಾದ ಅಡಾಪ್ಟ್. ಪುಣೆಯಲ್ಲಿ ವಾನವಡಿಯ ಸೇನಾ ಕೃತಕಾಂಗ ಕೇಂದ್ರದಲ್ಲಿ ನಾಗರಿಕರಿಗೂ ಸೇವೆ ಇದೆ.

ಕನ್ನಡದಲ್ಲಿ ಓದಬೇಕೆನ್ನುವ ಅಂಧರಿಗೆ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವಿದೆ, ಅಂಗವೈಕಲ್ಯ ಪ್ರಮಾಣಪತ್ರ ಕೊಟ್ಟು ಸದಸ್ಯರಾಗಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಕನ್ನಡ ಓದದೆ ಮೌನವಾದರೆ ಫೋನ್ ಕೆಟ್ಟಿದೆಯೆಂದಲ್ಲ. ಸೆಟ್ಟಿಂಗ್ಸ್‌ನಲ್ಲಿ ಪಠ್ಯದಿಂದ ಧ್ವನಿಯ ವಿಭಾಗಕ್ಕೆ ಹೋಗಿ ಗೂಗಲ್ ಧ್ವನಿಯ ಕನ್ನಡ ದತ್ತಾಂಶ ಇಳಿಸಿಕೊಂಡರೆ ಓದುತ್ತದೆ. ವೈಫೈ ಇರುವಲ್ಲಿ ಮಾಡಿ.

ಮಕ್ಕಳು ಮತ್ತು ಹದಿನೆಂಟು ತುಂಬಿದವರು

ಓದು-ಬರಹದ ಕಲಿಕಾ ನ್ಯೂನತೆಯ ತಪಾಸಣೆಗೆ ಸಾಯನ್, ನಾಯರ್, ಕೆ.ಇ.ಎಂ. ಆಸ್ಪತ್ರೆಗಳಲ್ಲಿ ಸರದಿ ಉದ್ದ. ಹತ್ತನೆಯ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರಹಗಾರರ ನೆರವು ಬೇಕಿದ್ದರೆ ಎಂಟನೆಯಲ್ಲೇ ಹೆಸರು ಕೊಡಿ. ಶಾಲೆಯ ಪತ್ರ, ಮೂರು-ನಾಲ್ಕು ವರ್ಷದ ಅಂಕಪಟ್ಟಿ, ಮಗುವಿನ ಬರಹದ ನೋಟ್‌ಬುಕ್ ಒಯ್ಯಿರಿ. ಕನ್ನಡ ಮಾಧ್ಯಮದ ಮಗುವಾದರೆ ಅದನ್ನು ಮೊದಲೇ ಹೇಳಿ, ಮಗು ಕಲಿತ ಭಾಷೆಯಲ್ಲೇ ಅಳೆಯದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಮಾತು ತಡವಾದ ಮಗುವಿನ ಜೊತೆ ಮನೆಯಲ್ಲಿ ಕನ್ನಡವೋ ತುಳುವೋ ನಿಲ್ಲಿಸಿ ಹಿಂದಿ ಮಾತ್ರ ಆಡಿ ಎಂಬ ಸಲಹೆ ಕೆಲವೆಡೆ ಸಿಗುತ್ತದೆ. ಅದನ್ನು ಪಾಲಿಸಬೇಕಿಲ್ಲ. ತಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಗುವಿಗೆ ಹೆಚ್ಚು ಮಾತು ಸಿಗುವುದು.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಈ ನಾಲ್ಕಕ್ಕೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ನಿರಾಮಯ ಆರೋಗ್ಯ ವಿಮೆ ಇದೆ. ವರ್ಷಕ್ಕೆ ಒಂದು ಲಕ್ಷದವರೆಗೆ, ಥೆರಪಿಯ ಖರ್ಚೂ ಸೇರಿ. ಸೇರುವ ಶುಲ್ಕ ಬಡತನ ರೇಖೆಯ ಕೆಳಗಿನವರಿಗೆ 250, ಉಳಿದವರಿಗೆ 500 ರೂಪಾಯಿ. ಟ್ರಸ್ಟ್‌ನಲ್ಲಿ ನೋಂದಾಯಿತ ಸಂಸ್ಥೆಯ ಮೂಲಕ ಅರ್ಜಿ. ಇದೇ ನಾಲ್ಕು ಬಗೆಯ ಮಕ್ಕಳಿಗೆ ಹದಿನೆಂಟು ತುಂಬಿದ ದಿನದಿಂದ ತಂದೆತಾಯಿ ಕಾನೂನಿನ ಕಣ್ಣಲ್ಲಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಬ್ಯಾಂಕಿನಲ್ಲಿ ಖಾತೆ ನಡೆಸಲು ಹೋದಾಗ ಇದು ಗೊತ್ತಾಗಿ ಗಾಬರಿಯಾಗುತ್ತದೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕತ್ವ ಪಡೆಯಬೇಕು. ಮಾನಸಿಕ ಕಾಯಿಲೆ ಇದರಲ್ಲಿ ಬರುವುದಿಲ್ಲ. ಅದಕ್ಕೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಬೇರೆಯೇ ಇದೆ. ತುರ್ತಿಗೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡಬಹುದು.

ಗೋವಾದಲ್ಲಿರುವವರು

ವಾಸ್ಕೋ, ಝುವಾರಿನಗರದವರು ಮಡಗಾಂವಿನ ದಕ್ಷಿಣ ಗೋವಾ ಜಿಲ್ಲಾ ಆಸ್ಪತ್ರೆಗೆ, ಮಾಪುಸಾ ಕಡೆಯವರು ಅಲ್ಲಿಯ ಉತ್ತರ ಗೋವಾ ಜಿಲ್ಲಾ ಆಸ್ಪತ್ರೆಗೆ. ಅಲ್ಲಿಯ ದಯಾನಂದ ಸಾಮಾಜಿಕ ಭದ್ರತಾ ಯೋಜನೆಗೂ 15 ವರ್ಷದ ವಾಸ ಕೇಳುತ್ತಾರೆ, ಅದರ ಪ್ರಮಾಣಪತ್ರ ಮಾಮ್ಲೇದಾರರಿಂದ (ಅಲ್ಲಿಯ ತಹಸೀಲ್ದಾರರು).

ಕೆಲಸ ಆಗದಿದ್ದರೆ

ಮರಾಠಿ ಅರ್ಜಿ ಬರೆಯಲು ತೊಡಕಾದರೆ ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಪುಣೆಯ ಕನ್ನಡ ಸಂಘದಂಥ ಕಡೆ ಎರಡೂ ಭಾಷೆ ಬಲ್ಲವರು ಸಿಗುತ್ತಾರೆ, ಕೇಳಲು ಸಂಕೋಚ ಬೇಡ. ಯಾವ ಕಚೇರಿಗೆ ಏನು ಕೊಟ್ಟರೂ ಆವಕ್ (ಅರ್ಜಿ ಸ್ವೀಕರಿಸುವ) ಕಿಟಕಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸಂಖ್ಯೆ ಹಾಕಿಸಿಕೊಳ್ಳಿ. ಗುಮಾಸ್ತರ ಮೇಜಿನ ಮೇಲೆ ಇಟ್ಟು ಬಂದ ಅರ್ಜಿಗೆ ಲೆಕ್ಕವಿಲ್ಲ. ಶೇಕಡಾವಾರು ಒಪ್ಪಿಗೆಯಾಗದಿದ್ದರೆ ಕಾಯ್ದೆಯ 59ನೇ ವಿಧಿಯಡಿ ಮೇಲ್ಮನವಿ ಇದೆ. ಸೌಲಭ್ಯ ನಿರಾಕರಿಸಿದರೆ, ಶಾಲೆಯಲ್ಲೋ ಕೆಲಸದಲ್ಲೋ ಭೇದ ಮಾಡಿದರೆ ಮಹಾರಾಷ್ಟ್ರದ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಆಯುಕ್ತರ ಕಚೇರಿ ಇರುವುದು ಪುಣೆಯಲ್ಲಿ. ದೂರಿನ ಜೊತೆ ಮೊಹರು ಬಿದ್ದ ಅರ್ಜಿಯ ಪ್ರತಿಯನ್ನೂ ಯುಡಿಐಡಿಯ ಪ್ರತಿಯನ್ನೂ ಲಗತ್ತಿಸಿ, ವಕೀಲರು ಬೇಕಿಲ್ಲ. ಕೋರ್ಟಿಗೇ ಹೋಗಬೇಕಾಗಿ ಬಂದರೆ ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ಸಹಾಯವಾಣಿ 15100.